ಪ್ರಿನ್ಸಿಪಾಲರ ಗಡ್ಡ

ವಿಜಯನಗರದ ಕಾರ್ಡ್ ರೋಡಿನಲ್ಲಿ, ಮೆಟ್ರೋ ಹಳಿಯ ಮಗ್ಗುಲಿಗೇ ಇರುವ ಒಂದು ಕಟ್ಟಡದ ಕೆಳಗೆ ಕಮೋಡುಗಳ ಅಂಗಡಿ, ಮೇಲೆ ಕಲೆಯ ಶಾಲೆ. ಎರಡಕ್ಕೂ ಮಾಲೀಕರು ಸಿದ್ದಬಸಪ್ಪನವರೇ. ರಾಣೆಬೆನ್ನೂರಿನ ಕಡೆಯಿಂದ ಬಂದು ವಾಶ್‌ಬೇಸಿನ್ನು, ನಲ್ಲಿ, ಟೈಲ್ಸುಗಳಲ್ಲಿ ಚೆನ್ನಾಗಿ ಕುದುರಿಕೊಂಡ ಅವರಿಗೆ, ಜನ ತಮ್ಮನ್ನು ಕಮೋಡಿನ ಸಿದ್ದಬಸಪ್ಪ ಎಂದೇ ಕರೆಯುತ್ತಾರೆಂಬ ಸಂಗತಿ ಒಂದು ವಯಸ್ಸಿನಲ್ಲಿ ಚುಚ್ಚತೊಡಗಿತು. ಸಂಸ್ಕೃತಿಗೆ ಏನಾದರೂ ಮಾಡಬೇಕೆಂದು 'ವರ್ಣವೈಭವ ಲಲಿತ ಮತ್ತು ವಾಣಿಜ್ಯ ಕಲಾ ಶಾಲೆ' ತೆರೆದರು. ಮೊದಲ ಮಹಡಿಯಲ್ಲಿ ವಾಣಿಜ್ಯ ಕಲೆ, ಎರಡನೆಯದರಲ್ಲಿ ಲಲಿತ ಕಲೆ. ಈಗ ಜನ ಅವರನ್ನು ಕಮೋಡಿನ ಚೇರ್ಮನ್ನರು ಅನ್ನುತ್ತಾರೆ.

ಶಾಲೆಯ ಪ್ರಿನ್ಸಿಪಾಲ್ ವೆಂಕಟಗಿರಿ. ಒಂದು ಕಾಲಕ್ಕೆ ಅವರದು ಒಳ್ಳೆಯ ಕೈ. ಬಸ್‌ಸ್ಟ್ಯಾಂಡಿನಲ್ಲಿ ತೂಕಡಿಸುವವರನ್ನು ಬಸ್ಸು ಬರುವುದರೊಳಗೆ ಇದ್ದಿಲಿನಲ್ಲಿ ಬರೆದು ಮುಗಿಸುತ್ತಿದ್ದರು. ಪ್ರಿನ್ಸಿಪಾಲ್ ಆದ ಮೇಲೆ ಆ ಕೈ ಸಹಿ ಹಾಕುವುದಕ್ಕೆ ಒಂದಿಷ್ಟು, ಚೇರ್ಮನ್ನರಿಗೆ ಮುಗಿಯುವುದಕ್ಕೆ ಇನ್ನಷ್ಟು ಬಳಕೆಯಾಗಿ, ಬೇರೆ ಕೆಲಸವನ್ನು ಮರೆತೇಬಿಟ್ಟಿತ್ತು. ಕೆಟ್ಟ ಮನುಷ್ಯರಲ್ಲ. ಯಾರಿಗೂ ಎದುರಾಡಲಾರರು, ಅಷ್ಟೇ. ಎದುರಿನವರು ಏನು ಹೇಳಿದರೂ ಅದಕ್ಕೊಂದು ಸೌಂದರ್ಯದ ಕಾರಣ ಹುಡುಕಿಕೊಡುವುದು ಅವರ ವಿಶೇಷ ಪ್ರತಿಭೆಯಾಗಿತ್ತು.

ತರಗತಿಯ ಪ್ಲಾಸ್ಟರ್ ವಿಗ್ರಹಗಳು ಒಂದೊಂದೇ ಮೂಗು ಮುರಿದುಕೊಂಡು ಮೂಲೆ ಸೇರಿದಾಗ ಹೊಸದು ಬೇಕೆಂದು ಕೇಳಿದವರು ಲಲಿತ ಕಲೆಯ ಮೇಡಂ ವತ್ಸಲಾ. ಸಿದ್ದಬಸಪ್ಪನವರು ಹುಬ್ಬೇರಿಸಿದರು. "ಹೊಸಾದು ಯಾಕ್ರೀ? ಕೆಳಗ ಅಂಗಡ್ಯಾಗ ಇಷ್ಟು ಸಾಮಾನು ಐತಿ. ಒಂದು ಬೇಸಿನ್ ತಗೊಂಡು ಹೋಗಿ ಇಡ್ರಿ, ಬರೀಲಿ ಹುಡುಗರು."

ವತ್ಸಲಾ ಬಾಯಿ ತೆರೆಯುವ ಮುಂಚೆ ವೆಂಕಟಗಿರಿ ತಲೆಯಾಡಿಸಿಬಿಟ್ಟಿದ್ದರು. "ಅದ್ಭುತ ಸಾರ್. ಬಿಳಿ ಪಿಂಗಾಣಿ ಮೇಲೆ ನೆರಳು ಬೆಳಕು ಆಡೋ ಹಾಗೆ ಇನ್ಯಾವ್ದರ ಮೇಲೂ ಆಡಲ್ಲ."

ಅಂದಿನಿಂದ ಲಲಿತ ಕಲೆಯ ಮಕ್ಕಳು ವಾಶ್‌ಬೇಸಿನ್ನಿನಿಂದ ಶುರುಮಾಡಿ ಕಮೋಡಿನವರೆಗೆ ಹಂತಹಂತವಾಗಿ ಏರಿದರು. ವಾರ್ಷಿಕ ಪ್ರದರ್ಶನಕ್ಕೆ 'ಶುಭ್ರ' ಎಂದು ಹೆಸರಿಟ್ಟರು. ಬಂದಿದ್ದ ಒಬ್ಬ ವಿಮರ್ಶಕರು, ನಗರ ಬದುಕಿನ ಪೊಳ್ಳುತನವನ್ನು ಇಷ್ಟು ಧೈರ್ಯದಿಂದ ಹೇಳಿದ್ದನ್ನು ತಾವು ಕಂಡಿಲ್ಲವೆಂದು ಭಾಷಣ ಮಾಡಿದರು. ಸಿದ್ದಬಸಪ್ಪನವರು ಚಪ್ಪಾಳೆ ತಟ್ಟಿ, ಚೆನ್ನಾಗಿ ಬಂದ ಚಿತ್ರಗಳನ್ನು ಅಂಗಡಿಯ ಕ್ಯಾಟಲಾಗಿಗೆ ತೆಗೆದುಕೊಂಡರು.

ಮಾಡೆಲ್ ಕೂರಿಸಿ ಮನುಷ್ಯರನ್ನು ಬರೆಸುವ ಪಾಠವೂ ಹೀಗೇ ನಿಂತುಹೋಗಿತ್ತು. ಒಮ್ಮೆ ಮೇಲೆ ಬಂದ ಚೇರ್ಮನ್ನರು, ಪೀಠದ ಮೇಲೆ ಅಲುಗಾಡದೆ ಕೂತಿದ್ದ ಮುದುಕಿಯನ್ನು ಕಂಡು ಕೇಳಿದ್ದರು, "ಸುಮ್ನ ಕುಂತವರಿಗೆ ಸಂಬಳ ಯಾಕ್ರೀ? ಸುಮ್ನ ಕುಂದರೋರು ನಮ್ಮ ಅಂಗಡ್ಯಾಗೇ ಭಾಳ ಮಂದಿ ಅದಾರ." ವೆಂಕಟಗಿರಿ ಇದಕ್ಕೂ ತಲೆಯಾಡಿಸಿ, ಇತ್ತೀಚೆಗೆ ಮೊಬೈಲಿನಲ್ಲೇ ಒಳ್ಳೊಳ್ಳೆಯ ಮುಖಗಳು ಸಿಗುತ್ತವೆ ಎಂದರು. ಮಕ್ಕಳು ಮೊಬೈಲು ನೋಡಿ ಮನುಷ್ಯರನ್ನು ಬರೆಯತೊಡಗಿದರು. ಬರೆದವರೆಲ್ಲ ಮೊಬೈಲಿನಷ್ಟೇ ಚಪ್ಪಟೆಯಾಗಿ ಬಂದರು.

ಹೀಗಿರುವಾಗ ವಿಶ್ವವಿದ್ಯಾಲಯದಿಂದ ತಪಾಸಣೆಯ ಸಮಿತಿ ಬರುವ ಸುದ್ದಿ ಬಂತು. ಮಾನ್ಯತೆ ಉಳಿಯಬೇಕಾದರೆ ಜೀವಂತ ಮಾಡೆಲ್ ಇಟ್ಟುಕೊಂಡು ನಡೆಸುವ ತರಗತಿಯನ್ನು ಸಮಿತಿ ಕಣ್ಣಾರೆ ನೋಡಬೇಕು. ಸಿದ್ದಬಸಪ್ಪನವರು ಪ್ರಿನ್ಸಿಪಾಲರನ್ನು ಕರೆಸಿದರು.

"ಜೀವಂತ ಅಂದ್ರ ಏನ್ರೀ ಅರ್ಥ?"

"ಉಸಿರಾಡೋ ಮನುಷ್ಯ ಸಾರ್."

"ಹಂಗಾದ್ರ ಒಬ್ಬನ್ನ ಹಿಡಕೊಂಡು ಬರ್ರಿ. ಸಮಿತಿ ಹೋಗೋತನಕ ಉಸಿರಾಡಿದ್ರ ಸಾಕು."

ಉಸಿರಾಡುವ ಮನುಷ್ಯರಿಗೆ ವಿಜಯನಗರದಲ್ಲಿ ಬರವಿರಲಿಲ್ಲ, ಆದರೆ ಸುಮ್ಮನೆ ಕೂರಲು ಒಪ್ಪುವವರು ಸಿಗಲಿಲ್ಲ. ಮಾರ್ಕೆಟ್ಟಿನಲ್ಲಿ ಹೂ ಮಾರುವ ಮುನಿತಾಯಮ್ಮನನ್ನು ವೆಂಕಟಗಿರಿ ಖುದ್ದಾಗಿ ಹೋಗಿ ಕೇಳಿದರು. "ಸುಮ್ಕೆ ಕುಂತ್ಕೊಂಡು ನೋಡಿಸ್ಕೊಳ್ಳಾಕೆ ನಾನೇನು ಎಮ್ಮೆಲ್ಲೆನಾ ಸಾಮಿ?" ಎಂದು ಆಕೆ ಮಲ್ಲಿಗೆಗೆ ನೀರು ಚಿಮುಕಿಸಿದ ರಭಸಕ್ಕೆ ಇವರ ಅಂಗಿಯೂ ಒದ್ದೆಯಾಯಿತು. ಕೊನೆಗೆ ಮೂಡಲಪಾಳ್ಯದ ದೊಡ್ಡಹನುಮಯ್ಯ ಸಿಕ್ಕಿದರು. ಸಿಟಿ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು, ಎದೆಯವರೆಗೆ ಇಳಿದ ಬೆಳ್ಳನೆ ಗಡ್ಡ. ಜನ್ಮವೆಲ್ಲ ಕೂತೇ ಕೆಲಸ ಮಾಡಿದವರಾದ್ದರಿಂದ ಪೀಠದ ಮೇಲೂ ಹಾಯಾಗಿ ಕೂತರು. ಮೇಲೆ ಬನಿಯನ್ನಿಲ್ಲ, ಹೆಗಲಿಗೆ ಕೆಂಪಂಚಿನ ಟವೆಲ್, ಕೈಯಲ್ಲಿ ಊರುಗೋಲು. ಮೆಟ್ರೋ ಹಾದಾಗಲೆಲ್ಲ ಅದರ ಕಡೆ ತಿರುಗಿ "ಹಳಿ ಮೇಲೆ ಓಡ್ಸೋದು ಯಾವ ಸೀಮೆ ಡ್ರೈವಿಂಗು" ಎಂದು ಗೊಣಗುತ್ತಿದ್ದರು, ಅಷ್ಟು ಬಿಟ್ಟರೆ ಏನೂ ತಕರಾರಿಲ್ಲ. ಮಕ್ಕಳ ಕ್ಯಾನ್ವಾಸುಗಳ ಮೇಲೆ ಗಡ್ಡದ ಮುದುಕ ನಿಧಾನವಾಗಿ ಮೂಡತೊಡಗಿದ. ಅಂತಿಮ ವರ್ಷದ ಮಾಳವಿಕಾಳ ಕ್ಯಾನ್ವಾಸಿನಲ್ಲಿ ಗಡ್ಡದ ಎಳೆಗಳು ಗಾಳಿಗೆ ಅಲ್ಲಾಡುವಂತೆಯೇ ಇದ್ದವು.

ಸಮಿತಿ ಬರುವ ದಿನ ಬೆಳಿಗ್ಗೆ ದೊಡ್ಡಹನುಮಯ್ಯ ಬರಲಿಲ್ಲ. ವೆಂಕಟಗಿರಿ ಫೋನ್ ಮಾಡಿದರು.

"ಸಾರ್, ನಾನು ಕೆಂಗೇರಿ ಉಪನಗರದಾಗಿದೀನಿ. ಸೀರಿಯಲ್ ಶೂಟಿಂಗು. ಮದುವೆ ಮನೆ ಸೀನು, ನಾನು ಹೆಣ್ಣಿನ ಕಡೆ ಯಜಮಾನ."

"ಅಯ್ಯೋ ಹನುಮಯ್ಯನವ್ರೇ, ಇವತ್ತು ಸಮಿತಿ ಬರ್ತಾ ಇದೆ ಕಣ್ರೀ!"

"ಬೇಜಾರ್ ಮಾಡ್ಕೋಬೇಡಿ ಸಾರ್. ಇಲ್ಲಿ ಊಟ ಹಾಕ್ತಾರೆ, ಅಲುಗಾಡಕ್ಕೂ ಬಿಡ್ತಾರೆ." ಹಿಂದಿನಿಂದ ವಾಲಗದ ಸದ್ದು ಕೇಳಿಬಂತು, ಫೋನು ಕಟ್ಟಾಯಿತು.

ವೆಂಕಟಗಿರಿ ಫೋನು ಕೈಯಲ್ಲಿ ಹಿಡಿದೇ ಚೇರ್ಮನ್ನರ ಹತ್ತಿರ ಓಡಿದರು. ಸಿದ್ದಬಸಪ್ಪನವರು ಮಾತ್ರ ವ್ಯಾಪಾರಿಗಳು, ಒಂದು ಮಾಲು ಇಲ್ಲವೆಂದರೆ ಅದೇ ಅಳತೆಯ ಇನ್ನೊಂದನ್ನು ಕಪಾಟಿನಿಂದ ತೆಗೆಯುವವರು. ಅವರು ಪ್ರಿನ್ಸಿಪಾಲರನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಆ ಮುದುಕನೂ ನೀವೂ ಒಂದ ಸೈಜು. ಹೊಟ್ಟಿ ಐತಿ. ಭುಜ ಜೋತುಬಿದ್ದಾವ. ನೀವ ಕುಂದರ್ರಿ."

"ಸಾರ್, ನಾನು ಪ್ರಿನ್ಸಿಪಾಲು..."

"ಪ್ರಿನ್ಸಿಪಾಲ್ರು ತುರ್ತು ಕೆಲಸಕ್ಕ ಹೋಗ್ಯಾರ ಅಂತ ನಾ ಹೇಳ್ತೀನಿ. ಪ್ರಿನ್ಸಿಪಾಲ್ ಇಲ್ಲಂದ್ರ ಮಾನ್ಯತಾ ಹೋಗೂದಿಲ್ರೀ. ಮಾಡೆಲ್ ಇಲ್ಲಂದ್ರ ಹೋಗ್ತೈತಿ."

ಇದಕ್ಕೆ ಸೌಂದರ್ಯದ ಕಾರಣ ಹುಡುಕಲು ವೆಂಕಟಗಿರಿ ಪ್ರಯತ್ನಪಟ್ಟರು. ಸಿಗಲಿಲ್ಲ. ಆದರೂ ತಲೆ ತಾನಾಗಿಯೇ ಆಡಿಬಿಟ್ಟಿತು.

ವಾಣಿಜ್ಯ ಕಲೆಯ ಮೇಷ್ಟ್ರು ಅಭಿನವ್ ಬೈಕಿನಲ್ಲಿ ರಾಜಾಜಿನಗರಕ್ಕೆ ಹೋಗಿ, ನಾಟಕದ ವೇಷ ಬಾಡಿಗೆಗೆ ಕೊಡುವ ಅಂಗಡಿಯಿಂದ ಗಡ್ಡ ತಂದ. ಅಂಗಡಿಯವನು ಮೂರು ಬಗೆ ತೋರಿಸಿದನಂತೆ, ವಿಶ್ವಾಮಿತ್ರ, ಭೀಷ್ಮ, ಭಿಕ್ಷುಕ. "ನಮ್ಮದಕ್ಕೆ ಭಿಕ್ಷುಕಂದೇ ಮ್ಯಾಚ್ ಆಗತ್ತೆ ಸಾರ್, ನ್ಯಾಚುರಲ್ ಆಗಿದೆ" ಎಂದು ಅಂಟು ಹಚ್ಚಿ ಕೂರಿಸಿದ. ಪ್ರಿನ್ಸಿಪಾಲರು ಅಂಗಿ ಬನಿಯನ್ನು ಕಳಚಿ, ಹೆಗಲಿಗೆ ಟವೆಲ್ ಹಾಕಿಕೊಂಡು, ಊರುಗೋಲು ಹಿಡಿದು ತರಗತಿಗೆ ಬಂದಾಗ ಮಕ್ಕಳು ಎದ್ದು ನಿಂತು "ಗುಡ್ ಮಾರ್ನಿಂಗ್ ಸಾರ್" ಎಂದರು.

"ಏಳ್ಬೇಡ್ರೋ! ನಾನು ಸಾರ್ ಅಲ್ಲ ಈಗ" ಎಂದು ಅವರು ಪೀಠ ಹತ್ತಿ ಕೂತರು. ವತ್ಸಲಾ ಮೇಡಂ ಕಿಟಕಿಯ ಕಡೆ ತಿರುಗಿ ನಿಂತರು. ನಗುತ್ತಿದ್ದರೋ ಬೇಸರಪಡುತ್ತಿದ್ದರೋ ಬೆನ್ನಿನಿಂದ ತಿಳಿಯಲಿಲ್ಲ.

ಕೂತ ಸ್ವಲ್ಪ ಹೊತ್ತಿಗೇ ಸೊಂಟ ಹಿಡಿಯಿತು. ಆಮೇಲೆ ಗಡ್ಡದೊಳಗೆ ಕೆರೆತ. ಮೆಟ್ರೋ ನಿಧಾನವಾಗಿ ಹಾದಾಗ ಗಾಜಿನಾಚೆಯ ಮುಖಗಳೆಲ್ಲ ಅವರ ಬರಿಮೈಯನ್ನು ನೋಡಿಕೊಂಡು ಹೋದವು. ನಾಚಿಕೆಯಿಂದ ಕಣ್ಣು ಮುಚ್ಚಿದರು. ಮುಚ್ಚಿದ ಮೇಲೆ ಒಂದು ಸದ್ದು ಕೇಳಿಸತೊಡಗಿತು. ಒರಟು ಕ್ಯಾನ್ವಾಸಿನ ಮೇಲೆ ಇದ್ದಿಲು ಉಜ್ಜುವ ಸದ್ದು, ಒಂದಲ್ಲ, ಸುತ್ತಲೂ, ರೇಷ್ಮೆಹುಳು ಸೊಪ್ಪು ಮೇಯುವ ಹಾಗೆ. ತಮ್ಮದೇ ಶಾಲೆಯಲ್ಲಿ ಈ ಸದ್ದು ಕೇಳಿ ಎಷ್ಟು ವರ್ಷವಾಯಿತೆಂದು ಅವರಿಗೆ ನೆನಪಾಗಲಿಲ್ಲ. ಅವರ ಕೋಣೆಯಲ್ಲಿ ಕೇಳುತ್ತಿದ್ದದ್ದು ಎ.ಸಿ.ಯ ಸದ್ದು, ಚೇರ್ಮನ್ನರ ಸದ್ದು, ಎರಡೇ. ಕಣ್ಣು ಬಿಟ್ಟರೆ ಎದುರಿಗೆ ಮಾಳವಿಕಾ ಒಂದು ಕಣ್ಣು ಕಿರಿದುಮಾಡಿ, ತೋಳು ಚಾಚಿ, ಪೆನ್ಸಿಲಿನಿಂದ ಅವರನ್ನು ಅಳೆಯುತ್ತಿದ್ದಳು. ಅವಳಿಗೆ ಅವರು ಪ್ರಿನ್ಸಿಪಾಲರೂ ಅಲ್ಲ, ಮುದುಕನೂ ಅಲ್ಲ, ಬರೀ ಒಂದು ಆಕಾರ. ಯಾಕೋ ಅದರಿಂದ ವೆಂಕಟಗಿರಿಯವರ ಮೈ ಹಗುರವಾಯಿತು.

ಅಷ್ಟರಲ್ಲಿ ಸಮಿತಿ ಮೆಟ್ಟಿಲು ಹತ್ತಿ ಬಂತು. ಮೂವರಲ್ಲಿ ಇಬ್ಬರು ಮೊದಲೇ ಗಡಿಯಾರ ನೋಡಿಕೊಂಡು ಬಂದವರು. ಮೂರನೆಯವರು ಅಧ್ಯಕ್ಷೆ ಭುವನೇಶ್ವರಿ. ನರೆತ ಕೂದಲು, ಖಾದಿ ಸೀರೆ, ಉಗುರಿನ ಸಂದಿಯಲ್ಲಿ ಹೋಗದೆ ಉಳಿದ ಬಣ್ಣ. ಸಿದ್ದಬಸಪ್ಪನವರು ಮುಂದೆ ನಿಂತು ಪೀಠದತ್ತ ಕೈ ತೋರಿಸಿದರು. "ಇದು ನಮ್ಮ ಲೈಫ್ ಸ್ಟಡಿ ಕ್ಲಾಸು. ವರ್ಷಪೂರ್ತಿ ನಡೀತೈತ್ರಿ. ಈ ಅಜ್ಜ ನಮ್ಮಲ್ಲಿ ಕಾಯಂ ಇದ್ದಾರ. ನಮ್ಮ ಪ್ರಿನ್ಸಿಪಾಲ್ರು ಪಾಪ, ತುರ್ತು ಕೆಲಸಕ್ಕ ಹೋಗ್ಯಾರ."

ಇಬ್ಬರು ಸದಸ್ಯರು ಕ್ಯಾನ್ವಾಸು ನೋಡಿದರು, ಮಾಡೆಲನ್ನು ನೋಡಿದರು, ಗಡ್ಡಕ್ಕೆ ಗಡ್ಡ ತಾಳೆಯಾಯಿತು. "ವೆರಿ ಗುಡ್" ಎಂದರು ಒಬ್ಬರು. "ಹೋಳಿಗೆ ವಾಸನೆ ಬರ್ತಾ ಇದೆ" ಎಂದರು ಇನ್ನೊಬ್ಬರು. ಸಿದ್ದಬಸಪ್ಪನವರು ಅವರನ್ನು ಹಿಡಿದ ಕೈ ಬಿಡದೆ ಊಟದ ಕಡೆ ಕರೆದುಕೊಂಡು ಹೊರಟರು.

"ನೀವು ನಡೀರಿ, ನಾನು ಸ್ವಲ್ಪ ಕೂತ್ಕೋತೀನಿ" ಎಂದರು ಭುವನೇಶ್ವರಿ. ಒಂದು ಸ್ಟೂಲು ಎಳೆದುಕೊಂಡು, ಮಾಳವಿಕಾಳಿಂದ ಒಂದು ಹಾಳೆ, ಒಂದು ಚೂರು ಇದ್ದಿಲು ಕೇಳಿ ತೆಗೆದುಕೊಂಡು, ಪೀಠದ ಎದುರಿಗೇ ಕೂತರು. ಒಂದಿಷ್ಟು ಹೊತ್ತು ಸುಮ್ಮನೆ ನೋಡಿದರು. ಹಾಗೆ ಯಾರೂ ತಮ್ಮನ್ನು ನೋಡಿದ್ದು ವೆಂಕಟಗಿರಿಯವರಿಗೆ ಗೊತ್ತಿರಲಿಲ್ಲ. ಗಡ್ಡದೊಳಗೆ ಬೆವರು ಇಳಿಯಿತು.

"ಎಷ್ಟು ದಿನದಿಂದ ಬರ್ತಾ ಇದೀರಾ ಅಜ್ಜ?"

"ಭಾಳ ದಿವಸದಿಂದ ಬರ್ತಾವ್ನಿ ತಾಯಿ" ಎಂದರು ವೆಂಕಟಗಿರಿ, ದೊಡ್ಡಹನುಮಯ್ಯನ ದನಿಯನ್ನು ಆದಷ್ಟು ಅನುಕರಿಸಿ. ಹಿಂದಿನ ಸಾಲಿನಿಂದ ಯಾರೋ ಕೆಮ್ಮಿದರು.

"ಮಕ್ಕಳಿಗೆ ಚೆನ್ನಾಗಿ ಹೇಳ್ಕೊಡ್ತಾರಾ?"

"ಮೇಡಮ್ಮೋರು ಚಂದಾಗಿ ಹೇಳ್ಕೊಡ್ತಾರೆ."

"ಪ್ರಿನ್ಸಿಪಾಲ್ರು?"

ಇಲ್ಲಿಯೇ ಒಂದು ಸುಳ್ಳು ಹೇಳಿ ಮುಗಿಸಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಭುವನೇಶ್ವರಿಯವರ ಕೈ ಹಾಳೆಯ ಮೇಲೆ ಓಡುತ್ತಿತ್ತು. ಆ ಕೈಯ ಓಟ ನೋಡುತ್ತ ನೋಡುತ್ತ ವೆಂಕಟಗಿರಿಯವರಿಗೆ ಆ ಸುಳ್ಳು ಬೇಡವೆನಿಸಿತು. ಜೊತೆಗೆ ಇನ್ನೊಂದು ಧೈರ್ಯ. ಮಾತಾಡುವವನು ವೆಂಕಟಗಿರಿ ಅಲ್ಲವಲ್ಲ, ಯಾವನೋ ಗಡ್ಡದ ಮುದುಕ.

"ಪ್ರಿನ್ಸಿಪಾಲ್ರು ಒಳ್ಳೆ ಮನುಷ್ಯ ತಾಯಿ. ಆದ್ರೆ ಯಾರೇನಂದ್ರೂ ಹೂಂ ಅಂತಾರೆ. ಬೇಸಿನ್ ಬರೆಸು ಅಂದ್ರೆ ಬೇಸಿನ್ ಬರೆಸ್ತಾರೆ."

"ಬೇಸಿನ್ನಾ?"

"ಹೂಂ. ಕಮೋಡೂ ಅಷ್ಟೇ. ನೆರಳು ಬೆಳಕು ಚೆನ್ನಾಗಿ ಬೀಳತ್ತೆ ಅಂತ ಕಾರಣ ಕೊಡ್ತಾರೆ. ಅದು ಅವ್ರೇ ಕಟ್ಟಿದ ಕಥೆ. ಪ್ಲಾಸ್ಟರ್ ಬೊಂಬೆ ತರಿಸೋಕೆ ಯಜಮಾನ್ರ ಹತ್ರ ಬಾಯಿ ಬರ್ಲಿಲ್ಲ, ಅದಕ್ಕೆ." ಡ್ರೈವರನ ದನಿ ಎಲ್ಲೋ ಅರ್ಧದಲ್ಲಿ ಕಳಚಿಬಿದ್ದಿತ್ತು, ಅವರಿಗೆ ಅರಿವಾಗಲಿಲ್ಲ. "ಮಾಡೆಲ್ ಕೂರಿಸೋದು ನಿಲ್ಸಿದ್ದೂ ಅವ್ರೇ. ಈ ಹುಡುಗಿ ಮಾಳವಿಕಾ ಇದಾಳಲ್ಲ, ಇವಳ ಕೈ ನೋಡಿ. ಇಂಥ ಕೈ ಇರೋ ಹುಡುಗಿ ಇಷ್ಟು ದಿನ ಫೋನ್ ನೋಡ್ಕೊಂಡು ಬರೀಬೇಕಾಯ್ತು. ಪಕ್ಕದಲ್ಲೇ ರೈಲಿನ ತುಂಬ ಜನ ಹೋಗ್ತಾರೆ, ಒಂದು ದಿನ ಈ ಮಕ್ಕಳನ್ನ ಕರ್ಕೊಂಡು ಹೋಗಿ ಅವ್ರನ್ನ ಬರೀರೋ ಅಂತ ಹೇಳೋಕೂ ಅವ್ರಿಗೆ ಆಗ್ಲಿಲ್ಲ."

ತರಗತಿಯಲ್ಲಿ ಇದ್ದಿಲಿನ ಸದ್ದು ನಿಂತುಹೋಗಿತ್ತು. ಮಾಳವಿಕಾ ಬಾಯಿ ತೆರೆದುಕೊಂಡು ನಿಂತಿದ್ದಳು. ವತ್ಸಲಾ ಮೇಡಂ ಕಿಟಕಿ ಬಿಟ್ಟು ಈ ಕಡೆ ತಿರುಗಿದ್ದರು.

ಭುವನೇಶ್ವರಿ ತಲೆಯೆತ್ತದೆ ಕೇಳಿದರು, "ಪ್ರಿನ್ಸಿಪಾಲ್ರು ಬರೀತಾರಾ?"

"ಬರೀತಿದ್ರು" ಎಂದರು ವೆಂಕಟಗಿರಿ.

ಭುವನೇಶ್ವರಿ ಕೊನೆಯದಾಗಿ ಒಂದೆರಡು ಗೆರೆ ಎಳೆದು, ಹಾಳೆಯನ್ನು ತಿರುಗಿಸಿ ತೋರಿಸಿದರು. ಅದೇ ಟವೆಲ್, ಅದೇ ಊರುಗೋಲು, ಅದೇ ಜೋತ ಭುಜ. ಆದರೆ ಮುಖದಲ್ಲಿ ಗಡ್ಡವಿರಲಿಲ್ಲ. ಸಣ್ಣ ಗಲ್ಲ, ಕೆಳತುಟಿಯ ಪಕ್ಕದ ಮಚ್ಚೆ, ಬಾಯಿಯ ಎರಡು ಬದಿಗೂ ನಕ್ಕು ನಕ್ಕು ಬಿದ್ದ ಗೆರೆ. ವೆಂಕಟಗಿರಿ ಕನ್ನಡಿಯಲ್ಲಿ ದಿನಾ ನೋಡುತ್ತಿದ್ದ ಮುಖ. ಮಚ್ಚೆ ಗಡ್ಡದಡಿ ಮುಚ್ಚಿಹೋಗಿತ್ತಲ್ಲ ಎಂದು ಅವರು ಅಪ್ರಯತ್ನವಾಗಿ ಅಲ್ಲಿಗೆ ಕೈ ಒಯ್ದರು. ಅಂಟು ಬೆವರಿಗೆ ಬಿಟ್ಟು, ಗಡ್ಡ ಯಾವಾಗಲೋ ಕಳಚಿ ಒಂದು ಕಿವಿಯಿಂದ ನೇತಾಡುತ್ತಿತ್ತು.

"ನಾನು ಬಂದಾಗ ನೆಟ್ಟಗಿತ್ತು" ಎಂದರು ಭುವನೇಶ್ವರಿ. "ಆದ್ರೆ ಮೂಳೆ ಒಂದು ಹೇಳ್ತಿತ್ತು, ಕೂದ್ಲು ಒಂದು ಹೇಳ್ತಿತ್ತು. ಅದಕ್ಕೆ ನಿಮ್ಮದಲ್ಲದ್ದನ್ನ ಬಿಟ್ಟೆ. ಮಚ್ಚೆ ನಿಮ್ಮ ಗೇಟಿನ ಫ್ಲೆಕ್ಸ್‌ನಲ್ಲಿದೆ. ಚೇರ್ಮನ್ನರ ಮೊಣಕೈ ಕೆಳಗೆ ಸಣ್ಣದಾಗಿ ನಿಂತಿರೋರು ನೀವೇ ಅಲ್ವಾ?"

ಪೀಠದ ಮೇಲೆ ಕೂತ ವೆಂಕಟಗಿರಿ, ಟವೆಲಿನಿಂದ ಎದೆ ಮುಚ್ಚಿಕೊಂಡು, "ಹೌದು ಮೇಡಂ" ಎಂದರು.

"ಬಟ್ಟೆ ಹಾಕ್ಕೊಂಡು ಬನ್ನಿ. ಹೋಳಿಗೆ ಆರೋಗತ್ತೆ."

ಊಟದ ಮನೆಯಲ್ಲಿ, ಮಡಿಕೆ ಬಿದ್ದ ಅಂಗಿ ತೊಟ್ಟು, ಗಲ್ಲದ ಮೇಲೆ ಅಂಟಿನ ಕಲೆ ಹೊತ್ತು ಬಂದ ಪ್ರಿನ್ಸಿಪಾಲರನ್ನು ಕಂಡು ಸಿದ್ದಬಸಪ್ಪನವರ ಕೈಯಲ್ಲಿದ್ದ ತುಪ್ಪದ ಚಮಚ ಅಲ್ಲೇ ನಿಂತಿತು. ಇಬ್ಬರು ಸದಸ್ಯರಿಗೆ ಏನೂ ಅನ್ನಿಸಲಿಲ್ಲ. "ಓ, ಪ್ರಿನ್ಸಿಪಾಲ್ ಸಾಹೇಬ್ರು ಬೇಗ ಬಂದ್ಬಿಟ್ರಲ್ಲ" ಎಂದು ಜಾಗ ಮಾಡಿಕೊಟ್ಟರು. ಭುವನೇಶ್ವರಿ ಎರಡನೇ ಹೋಳಿಗೆ ಹಾಕಿಸಿಕೊಂಡರು.

ಮಾನ್ಯತೆ ಉಳಿಯಿತು, ಆದರೆ ಷರತ್ತಿನ ಮೇಲೆ. ಚಿತ್ರಶಾಲೆಯಿಂದ ಪಿಂಗಾಣಿ ಸಾಮಾನು ಕೆಳಗಿಳಿಯಬೇಕು. ವರ್ಷವಿಡೀ ಮಾಡೆಲ್ ಇರಬೇಕು. ಪ್ರಿನ್ಸಿಪಾಲರು ವಾರವಾರವೂ ಮಕ್ಕಳ ಜೊತೆ ಕೂತು ತಾವೂ ಬರೆಯಬೇಕು. ಮುಂದಿನ ವರ್ಷ ತಾವೇ ಬಂದು ನೋಡುವುದಾಗಿ ಅಧ್ಯಕ್ಷೆ ಹೇಳಿಕಳಿಸಿದ್ದರು. ಸಿದ್ದಬಸಪ್ಪನವರು ಯೋಚಿಸಿ, ತಮಗೆ ತೋಚಿದ ದಾರಿಯನ್ನು ಪ್ರಿನ್ಸಿಪಾಲರ ಮುಂದಿಟ್ಟರು.

"ಮಾಡೆಲ್ ನೀವ ಆಗಿಬಿಡ್ರಿ. ಅನುಭವ ಆಗೇತಿ. ಗಡ್ಡ ಬೇಕಾದ್ರ ಕೊಂಡ ಕೊಡ್ತೀನಿ."

ವೆಂಕಟಗಿರಿಯವರ ತಲೆ ಎಂದಿನಂತೆ ಆಡಲು ಹೊರಟಿತು. ಅದನ್ನು ಅವರು ಹೇಗೋ ನಿಲ್ಲಿಸಿದರು. ಮೈಮೇಲೆ ಅಂಗಿ ಇದ್ದೂ ಪೀಠದ ಮೇಲೆ ಕೂತಷ್ಟೇ ಬೆತ್ತಲೆ ಅನ್ನಿಸಿತು.

"ಆಗಲ್ಲ ಸಾರ್" ಎಂದರು.

"ಯಾಕ್ರೀ?"

"ನಾನು ಬರೀಬೇಕು ಸಾರ್. ಕೂತ್ಕೊಂಡ್ರೆ ಬರೆಯೋದು ಹೇಗೆ?"

ಸಿದ್ದಬಸಪ್ಪನವರು ಅವರ ಮುಖ ನೋಡಿದರು. ವ್ಯಾಪಾರದಲ್ಲಿ ಚೌಕಾಸಿ ಗೊತ್ತಿದ್ದವರು, ಗಿರಾಕಿ ಯಾವ ಮಾತಿನ ಮೇಲೆ ಕದಲುವುದಿಲ್ಲವೆಂದು ಮುಖ ನೋಡಿ ತಿಳಿಯಬಲ್ಲವರು. "ಹಂಗಾದ್ರ ನಮ್ಮ ಅಂಗಡಿ ಹುಡುಗರನ್ನ ಪಾಳಿ ಮ್ಯಾಲ ಕಳಸ್ತೀನಿ. ಹೆಂಗೂ ಸುಮ್ನ ಕುಂತಿರ್ತಾರ" ಎಂದು ಎದ್ದುಹೋದರು.

ಹೀಗೆ ವರ್ಣವೈಭವದಲ್ಲಿ ಮಾಡೆಲ್ ತರಗತಿ ಮತ್ತೆ ಶುರುವಾಯಿತು. ಸೇಲ್ಸ್‌ಮನ್‌ಗಳು ಪೀಠದ ಸರದಿಗಾಗಿ ತಮ್ಮತಮ್ಮಲ್ಲೇ ಜಗಳವಾಡತೊಡಗಿದರು, ಗಿರಾಕಿ ಇಲ್ಲದೆ ಕೆಳಗೆ ನಿಲ್ಲುವುದಕ್ಕಿಂತ ಮೇಲೆ ಕೂರುವುದು ಎಷ್ಟೋ ಮೇಲು. ಮೊದಲ ಗುರುವಾರ ಹಿತ್ತಾಳೆ ನಲ್ಲಿಗಳ ವಿಭಾಗದ ಚಿಕ್ಕಣ್ಣ ಕೂತ. ವೆಂಕಟಗಿರಿ ಹಿಂದಿನ ಸಾಲಿನಲ್ಲಿ, ಯಾರಿಗೂ ಕಾಣದ ಹಾಗೆ, ಈಸಲ್ ಇಟ್ಟುಕೊಂಡರು. ಕೈ ಮಾತು ಕೇಳಲಿಲ್ಲ. ಚಿಕ್ಕಣ್ಣನ ಕತ್ತು ಬೇಡದ ಕಡೆ ಬೆಳೆಯಿತು, ಕಣ್ಣುಗಳು ಒಂದನ್ನೊಂದು ಬಿಟ್ಟು ದೂರ ಹೋದವು. ಒರೆಸಿ ಬರೆದರು, ಮತ್ತೆ ಒರೆಸಿದರು. ಬೆರಳುಗಳೆಲ್ಲ ಕಪ್ಪಾದವು.

ಮಾಳವಿಕಾ ಬಂದು ಬೆನ್ನ ಹಿಂದೆ ನಿಂತಿದ್ದು ಅವರಿಗೆ ತಿಳಿಯಲಿಲ್ಲ.

"ಸಾರ್, ಹೇಳ್ಲಾ?"

"ಹೇಳಮ್ಮ."

"ಎಡಗಡೆ ಭುಜ ಮೇಲೆ ಹೋಗ್ಬಿಟ್ಟಿದೆ. ಅವರಿಗೆ ಇಳಿದಿದೆ, ನೋಡಿ ಸಾರ್."

ವೆಂಕಟಗಿರಿ ತಲೆಯೆತ್ತಿ ಚಿಕ್ಕಣ್ಣನನ್ನು ನೋಡಿದರು. ತೋಳು ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನಿಂದ ಅಳೆದರು. ಹುಡುಗಿ ಹೇಳಿದ್ದು ಸರಿ. ಅವರು ಅಂಗೈಯಿಂದ ಭುಜವನ್ನು ಒರೆಸಿ, ಹೊಸ ಗೆರೆ ಎಳೆಯಲು ಹಾಳೆಯ ಹತ್ತಿರಕ್ಕೆ ಬಾಗಿದರು.